ಯುದ್ಧಕ್ಕೆ ಪೊಲೀಸ್ ಹೆಸರು, ಪೊಲೀಸ್ ಕೆಲಸಕ್ಕೆ ಯುದ್ಧದ ಹೆಸರು: ಅಮೆರಿಕದಲ್ಲಿ ಮತ ಹಾಕುವ ಕನ್ನಡಿಗರಿಗೆ ಬಹಿರಂಗ ಪತ್ರ

ಅಮೆರಿಕದ ಪೌರತ್ವ ಪಡೆದು ಅಲ್ಲಿ ಮತ ಹಾಕುತ್ತಿರುವ ಕನ್ನಡದ ಬಂಧುಗಳೇ,

2025ರ ಸೆಪ್ಟೆಂಬರ್ 2ರಂದು, ಒಂದೇ ದಿನ, ಎರಡು ಸಂಗತಿ ನಡೆದವು. ಕೆರಿಬಿಯನ್ ಸಮುದ್ರದಲ್ಲಿ ಹೋಗುತ್ತಿದ್ದ ಒಂದು ದೋಣಿಯ ಮೇಲೆ ಅಮೆರಿಕದ ಸೇನೆ ದಾಳಿ ಮಾಡಿತು. ಅದರಲ್ಲಿ 11 ಜನ ಸತ್ತರೆಂದು ಅಧ್ಯಕ್ಷ ಟ್ರಂಪ್ ಅವರೇ ಪ್ರಕಟಿಸಿದರು. ಅದೇ ದಿನ ಸ್ಯಾನ್ ಫ್ರಾನ್ಸಿಸ್ಕೊದ ಫೆಡರಲ್ ಕೋರ್ಟಿನಲ್ಲಿ ಜಡ್ಜ್ ಚಾರ್ಲ್ಸ್ ಬ್ರೇಯರ್, ಜೂನ್ ತಿಂಗಳಲ್ಲಿ ಲಾಸ್ ಏಂಜಲೀಸ್‌ಗೆ ಕಳಿಸಿದ ಸೈನಿಕರನ್ನು ಬಳಸಿದ ರೀತಿ 1878ರ ಪಾಸಿ ಕಮಿಟಾಟಸ್ ಕಾಯ್ದೆಗೆ ವಿರುದ್ಧ ಎಂದು ತೀರ್ಪು ಕೊಟ್ಟರು. ಸೇನೆಯನ್ನು ಪೊಲೀಸ್ ಕೆಲಸಕ್ಕೆ ಹಚ್ಚಬಾರದು ಎನ್ನುವ ಕಾಯ್ದೆ ಅದು. ಆ ತೀರ್ಪನ್ನು ಮೇಲ್ಮನವಿ ಕೋರ್ಟ್ ಕೆಲವೇ ದಿನಗಳಲ್ಲಿ ತಡೆಹಿಡಿಯಿತು. ದೋಣಿಯ ಮೇಲಿನ ದಾಳಿಯನ್ನು ತಡೆಹಿಡಿಯುವವರು ಯಾರೂ ಇರಲಿಲ್ಲ.

ಈ ಎರಡನ್ನೂ ಬೇರೆ ಬೇರೆ ಸುದ್ದಿಯಾಗಿ ಓದಿ ಮರೆಯಬೇಡಿ ಎಂದು ಕೇಳಿಕೊಳ್ಳಲು ಈ ಪತ್ರ. ಪೊಲೀಸ್ ಕಾನೂನು ಅಡ್ಡ ಬಂದಾಗ ‘ಇದು ಯುದ್ಧ’ ಎನ್ನುವುದು, ಯುದ್ಧದ ಕಾನೂನು ಅಡ್ಡ ಬಂದಾಗ ‘ಇದು ಬರೀ ಪೊಲೀಸ್ ಕೆಲಸ’ ಎನ್ನುವುದು: ಇಂದಿನ ಅಮೆರಿಕ ಸರ್ಕಾರ ಹೊರಗೂ ಒಳಗೂ ಮಾಡುತ್ತಿರುವುದು ಇದನ್ನೇ. ಇದನ್ನು ಶುರು ಮಾಡಿದ್ದು ಈ ಸರ್ಕಾರವಲ್ಲ. ಎರಡೂ ಪಕ್ಷಗಳ ಅಧ್ಯಕ್ಷರು ಸೇರಿ ತೆರೆದ ದಾರಿ ಇದು. ಈಗ ಅದರಲ್ಲಿ ಲಾರಿಯೇ ಓಡಾಡುತ್ತಿದೆ, ಅಷ್ಟೆ.

ದೋಣಿಯ ವಿಷಯವನ್ನೇ ಹತ್ತಿರದಿಂದ ನೋಡಿ. ಮಾದಕ ವಸ್ತು ಸಾಗಿಸುವ ವೇಗದ ದೋಣಿಗಳನ್ನು ತಡೆಯುವುದು ಅಮೆರಿಕಕ್ಕೆ ಹೊಸದಲ್ಲ. ಅದು ಕೋಸ್ಟ್ ಗಾರ್ಡ್ ದಶಕಗಳಿಂದ ಮಾಡಿಕೊಂಡು ಬಂದ ಕೆಲಸ. ಫ್ಲಾರಿಡಾದ ಜಾಕ್ಸನ್‌ವಿಲ್‌ನಲ್ಲಿ ಇದಕ್ಕೆಂದೇ ಒಂದು ಹೆಲಿಕಾಪ್ಟರ್ ತುಕಡಿ ಇದೆ. ಹೆಲಿಕಾಪ್ಟರ್ ದೋಣಿಯ ಪಕ್ಕಕ್ಕೆ ಬಂದು ಮೊದಲು ನಿಲ್ಲಿಸಲು ಹೇಳುತ್ತದೆ. ನಿಲ್ಲದಿದ್ದರೆ ದೋಣಿಯ ಮುಂದಿನ ನೀರಿಗೆ ಎಚ್ಚರಿಕೆಯ ಗುಂಡು. ಆಗಲೂ ನಿಲ್ಲದಿದ್ದರೆ ಗುರಿಕಾರ .50 ಕ್ಯಾಲಿಬರ್ ರೈಫಲ್‌ನಿಂದ ದೋಣಿಯ ಹಿಂಬದಿಯ ಎಂಜಿನ್‌ಗೆ ಹೊಡೆಯುತ್ತಾನೆ. ಎಂಜಿನ್ ಕೆಡುತ್ತದೆ, ಜನ ಉಳಿಯುತ್ತಾರೆ. ಆಮೇಲೆ ದೋಣಿ ಹತ್ತಿ ತಪಾಸಣೆ, ಮಾಲಿನ ಜಪ್ತಿ, ಹೇಳಿಕೆ, ಕೋರ್ಟಿನಲ್ಲಿ ಮೊಕದ್ದಮೆ. ಪಕ್ಕದಲ್ಲಿ ನೌಕಾಪಡೆಯ ಹಡಗೇ ಇದ್ದರೂ ದೋಣಿ ಹತ್ತಿ ಬಂಧಿಸುವವರು ಆ ಹಡಗಿನಲ್ಲಿ ಜೊತೆಗೆ ಪ್ರಯಾಣಿಸುವ ಕೋಸ್ಟ್ ಗಾರ್ಡ್‌ನ ಪುಟ್ಟ ತಂಡದವರು. ಸೈನಿಕ ಬಂಧಿಸಬಾರದು ಎನ್ನುವ ನಿಯಮವನ್ನು ನಡುಸಮುದ್ರದಲ್ಲೂ ಅಷ್ಟು ಜೋಪಾನವಾಗಿ ಪಾಲಿಸಿಕೊಂಡು ಬಂದಿದ್ದರು. ಈ ಕ್ರಮದಿಂದ ಇನ್ನೊಂದು ಉಪಯೋಗವಿತ್ತು. ಸಿಕ್ಕಿಬಿದ್ದ ದೋಣಿಯವನು ಮಾಲು ಕೊಟ್ಟವನ ಹೆಸರು ಹೇಳುತ್ತಿದ್ದ, ಆ ಎಳೆ ಹಿಡಿದು ಮೇಲಿನವರ ಮೇಲೆ ಕೇಸು ಕಟ್ಟಲಾಗುತ್ತಿತ್ತು. ಸ್ಫೋಟಿಸಿದ ದೋಣಿಯಿಂದ ಸಾಕ್ಷಿಯೂ ಸಿಗುವುದಿಲ್ಲ, ಸಾಕ್ಷಿದಾರನೂ ಸಿಗುವುದಿಲ್ಲ. ಸತ್ತವನು ಕಳ್ಳಸಾಗಣೆದಾರನೋ ಮೀನುಗಾರನೋ ಎಂದು ತೀರ್ಮಾನಿಸಲು ಉಳಿಯುವುದು ಸರ್ಕಾರದ ಮಾತೊಂದೇ.

ಈ ದಾಳಿಗಳಿಗೆ ಸರ್ಕಾರ ಕೊಟ್ಟ ಕಾನೂನಿನ ಸಮರ್ಥನೆ ಏನು? ಅಕ್ಟೋಬರ್ ಆರಂಭದಲ್ಲಿ ಕಾಂಗ್ರೆಸ್ಸಿಗೆ, ಅಂದರೆ ಅಮೆರಿಕದ ಸಂಸತ್ತಿಗೆ, ತಿಳಿಸಿದ್ದು: ಮಾದಕ ವಸ್ತುಗಳ ಗುಂಪುಗಳ ಜೊತೆ ಅಮೆರಿಕ ‘ಸಶಸ್ತ್ರ ಸಂಘರ್ಷ’ದಲ್ಲಿದೆ. ಅಂದರೆ ಯುದ್ಧ, ಆದ್ದರಿಂದ ಕೊಲ್ಲಬಹುದು. ನವೆಂಬರ್‌ನಲ್ಲಿ ತಿಳಿಸಿದ್ದು: ಅಧ್ಯಕ್ಷರ ಯುದ್ಧದ ಅಧಿಕಾರಕ್ಕೆ ಮಿತಿ ಹಾಕುವ 1973ರ ಯುದ್ಧಾಧಿಕಾರ ನಿರ್ಣಯದ ಅರ್ಥದಲ್ಲಿ ಇದು ‘ಕಾಳಗ’ ಅಲ್ಲ, ಏಕೆಂದರೆ ನಮ್ಮ ಸೈನಿಕರಿಗೆ ಇದರಲ್ಲಿ ಅಪಾಯವಿಲ್ಲ. ಅಂದರೆ ಯುದ್ಧವಲ್ಲ, ಆದ್ದರಿಂದ ಕಾಂಗ್ರೆಸ್ಸಿನ ಅನುಮತಿ ಬೇಡ. ಅದೇ ದೋಣಿ, ಅದೇ ಕ್ಷಿಪಣಿ. ಕೊಲ್ಲಲು ಒಂದು ಹೆಸರು, ಲೆಕ್ಕ ಕೊಡದಿರಲು ಇನ್ನೊಂದು. ವರ್ಷದ ಕೊನೆಗೆ ಇಂಥ ದಾಳಿಗಳಲ್ಲಿ ಸತ್ತವರು ನೂರು ದಾಟಿದ್ದರು.

ಯುದ್ಧಾಧಿಕಾರ ನಿರ್ಣಯ ಹೇಗೆ ಕೆಲಸ ಮಾಡಬೇಕಿತ್ತು, ಯಾಕೆ ಮಾಡುತ್ತಿಲ್ಲ ಎಂಬುದನ್ನು ಸ್ವಲ್ಪ ತಾಳ್ಮೆಯಿಂದ ಓದಿ. ನಿಮ್ಮ ಪ್ರತಿನಿಧಿಯನ್ನು ಕೇಳಬೇಕಾದ ಪ್ರಶ್ನೆ ಇರುವುದು ಇಲ್ಲಿಯೇ. ಸಂವಿಧಾನದ ಒಂದನೇ ವಿಧಿಯ ಎಂಟನೇ ಸೆಕ್ಷನ್ ಯುದ್ಧ ಘೋಷಿಸುವ ಅಧಿಕಾರವನ್ನು ಕಾಂಗ್ರೆಸ್ಸಿಗೆ ಕೊಟ್ಟಿದೆ. ಆ ಅಧಿಕಾರ ಕೊನೆಯ ಸಲ ಬಳಕೆಯಾದದ್ದು 1942ರ ಜೂನ್‌ನಲ್ಲಿ, ಬಲ್ಗೇರಿಯ, ಹಂಗೆರಿ, ರೊಮೇನಿಯಗಳ ವಿರುದ್ಧ. ಕೊರಿಯ, ವಿಯೆಟ್ನಾಂ ಯುದ್ಧಗಳು ಘೋಷಣೆಯಿಲ್ಲದೆ ನಡೆದ ಮೇಲೆ 1973ರ ನವೆಂಬರ್ 7ರಂದು ನಿಕ್ಸನ್ನರ ವೀಟೊವನ್ನು ಮುರಿದು ಕಾಂಗ್ರೆಸ್ ಈ ನಿರ್ಣಯವನ್ನು ಜಾರಿಗೆ ತಂದಿತು. ಕೆಳಮನೆಯಾದ ಹೌಸ್‌ನಲ್ಲಿ 284–135, ಮೇಲ್ಮನೆಯಾದ ಸೆನೆಟ್ಟಿನಲ್ಲಿ 75–18. ಸೈನ್ಯವನ್ನು ಕಾಳಗಕ್ಕೆ ಇಳಿಸಿದ 48 ಗಂಟೆಯೊಳಗೆ ಅಧ್ಯಕ್ಷರು ವರದಿ ಕೊಡಬೇಕು. ಅಲ್ಲಿಂದ 60 ದಿನದೊಳಗೆ ಕಾಂಗ್ರೆಸ್ ಒಪ್ಪಿಗೆ ಕೊಡದಿದ್ದರೆ ಸೈನ್ಯ ವಾಪಸ್ ಬರಬೇಕು. ಸುರಕ್ಷಿತವಾಗಿ ಹಿಂತೆಗೆಯಲು ಬೇಕಾದರೆ ಇನ್ನೂ 30 ದಿನ.

ಇದು ಮೂರು ಕಡೆ ಮುರಿದಿದೆ.

ಮೊದಲನೆಯದು, ‘ಕಾಳಗ’ ಎಂದರೆ ಏನು ಎಂದು ಕಾಯ್ದೆ ಹೇಳಿಲ್ಲ. 2011ರಲ್ಲಿ ಲಿಬಿಯದ ಮೇಲಿನ ವಾಯುದಾಳಿ 60 ದಿನ ದಾಟಿದಾಗ ಒಬಾಮ ಸರ್ಕಾರ, ನೆಲದಲ್ಲಿ ನಮ್ಮ ಸೈನಿಕರಿಲ್ಲ, ಆದ್ದರಿಂದ ಇದು ಕಾಳಗವಲ್ಲ ಎಂದಿತು. ಇವತ್ತಿನ ದೋಣಿ ವಾದಕ್ಕೆ ಬೀಜ ಬಿದ್ದದ್ದು ಆಗಲೇ. ಡ್ರೋನ್ ಮತ್ತು ದೂರಗಾಮಿ ಕ್ಷಿಪಣಿಗಳ ಕಾಲದಲ್ಲಿ ಈ ವಾದವನ್ನು ಒಪ್ಪಿಕೊಂಡರೆ, ತಿರುಗಿ ಹೊಡೆಯಲಾರದವರನ್ನು ಎಷ್ಟು ದಿನ ಬೇಕಾದರೂ ಕೊಲ್ಲಬಹುದು ಎಂದಾಗುತ್ತದೆ.

ಎರಡನೆಯದು ಎಲ್ಲಕ್ಕಿಂತ ದೊಡ್ಡದು. ಮೂಲ ಕಾಯ್ದೆಯಲ್ಲಿ ಎರಡೂ ಸದನಗಳು ಸರಳ ಬಹುಮತದಿಂದ ‘ವಾಪಸ್ ಬನ್ನಿ’ ಎಂದರೆ ಸಾಕಿತ್ತು, ಅಧ್ಯಕ್ಷರ ಸಹಿ ಬೇಕಿರಲಿಲ್ಲ. 1983ರಲ್ಲಿ ಸುಪ್ರೀಂ ಕೋರ್ಟ್ ಒಂದು ವಲಸೆ ಪ್ರಕರಣದಲ್ಲಿ, ಅಧ್ಯಕ್ಷರ ಮುಂದೆ ಬಾರದ ನಿರ್ಣಯಕ್ಕೆ ಕಾನೂನಿನ ಬಲವಿಲ್ಲ ಎಂದಿತು. ಗಡೀಪಾರಿನ ಒಂದು ಕಡತದಿಂದ ಹುಟ್ಟಿದ ತೀರ್ಪು ಯುದ್ಧದ ಬ್ರೇಕನ್ನೂ ಕಿತ್ತುಹಾಕಿತು. ಈಗ ಯುದ್ಧ ನಿಲ್ಲಿಸುವ ನಿರ್ಣಯವೂ ಅಧ್ಯಕ್ಷರ ಮೇಜಿಗೇ ಹೋಗಬೇಕು, ಅವರು ವೀಟೊ ಮಾಡಿದರೆ ಮೂರನೇ ಎರಡರಷ್ಟು ಮತ ಬೇಕು. 2019ರಲ್ಲಿ ಯೆಮನ್ ನಿರ್ಣಯ ಸೆನೆಟ್ಟಿನಲ್ಲಿ 54–46, ಹೌಸ್‌ನಲ್ಲಿ 247–175 ಮತಗಳಿಂದ ಗೆದ್ದಿತು, ವೀಟೊ ಆಯಿತು, ಸತ್ತಿತು. 2020ರಲ್ಲಿ ಇರಾನ್ ನಿರ್ಣಯ 55–45, 227–186 ಮತಗಳಿಂದ ಗೆದ್ದು ಅದೇ ಗತಿ ಕಂಡಿತು. ಯುದ್ಧ ಶುರುಮಾಡಲು ಕಾಂಗ್ರೆಸ್ಸಿನ ಬಹುಮತ ಬೇಕು ಎಂದು ಸಂವಿಧಾನ ಬರೆದವರು ಅಂದುಕೊಂಡಿದ್ದರು. ಇವತ್ತು ಯುದ್ಧ ನಿಲ್ಲಿಸಲು ಸೆನೆಟ್ಟಿನ 67 ಜನ ಬೇಕು.

ಮೂರನೆಯದು, ಗಡಿಯಾರವನ್ನೇ ನಿಲ್ಲಿಸುವ ಉಪಾಯ. ಇಂಥ ನಿರ್ಣಯಗಳನ್ನು ಇಷ್ಟು ದಿನದೊಳಗೆ ಮತಕ್ಕೆ ಹಾಕಲೇಬೇಕು ಎಂದು ಕಾಯ್ದೆ ಹೇಳಿದರೂ, ಹೌಸ್ ತನ್ನ ನಡಾವಳಿಯ ನಿಯಮದಲ್ಲಿ ‘ಈ ದಿನಗಳು ದಿನಗಳೆಂದು ಲೆಕ್ಕವಿಲ್ಲ’ ಎಂದು ಬರೆದುಕೊಳ್ಳಬಹುದು. 2025ರ ಮಾರ್ಚ್‌ನಲ್ಲಿ ಸುಂಕಗಳಿಗೆ ಆಧಾರವಾದ ತುರ್ತು ಪರಿಸ್ಥಿತಿಯ ವಿಷಯದಲ್ಲಿ ಹೀಗೇ ಮಾಡಿದರು. ನಿಮ್ಮ ಪ್ರತಿನಿಧಿ ‘ಆ ನಿರ್ಣಯದ ವಿರುದ್ಧ ನಾನು ಮತ ಹಾಕಲೇ ಇಲ್ಲ’ ಎಂದು ನಿಜವನ್ನೇ ಹೇಳಬಹುದು. ಮತಕ್ಕೆ ಬಾರದಂತೆ ಮಾಡಿದ ನಿಯಮಕ್ಕೆ ಕೈ ಎತ್ತಿರುತ್ತಾರೆ. ಆದ್ದರಿಂದ ನಿರ್ಣಯದ ಮತವನ್ನಲ್ಲ, ಅದರ ಹಿಂದಿನ ‘ರೂಲ್’ ಮೇಲಿನ ಮತವನ್ನು ನೋಡಿ. ಹೌಸ್‌ನ ಜಾಲತಾಣದಲ್ಲಿ ಹೆಸರು ಹೆಸರಾಗಿ ಇರುತ್ತದೆ.

ಇನ್ನು ಯುದ್ಧಕ್ಕೆ ಪೊಲೀಸ್ ಹೆಸರು ಕೊಡುವ ಬಗೆ. 1988ರ ಫೆಬ್ರವರಿಯಲ್ಲಿ ಫ್ಲಾರಿಡಾದ ಗ್ರ್ಯಾಂಡ್ ಜ್ಯೂರಿಗಳು ಪನಾಮಾದ ಸೇನಾಧಿಪತಿ ಮ್ಯಾನುಯೆಲ್ ನೊರಿಯೇಗ ಮೇಲೆ ಮಾದಕ ವಸ್ತು ಸಾಗಣೆಯ ಆರೋಪ ಹೊರಿಸಿದವು. 1989ರ ಡಿಸೆಂಬರ್ 20ರಂದು ಅಮೆರಿಕದ ಸೇನೆ ಪನಾಮಾಕ್ಕೆ ನುಗ್ಗಿತು. 1990ರ ಜನವರಿ 3ರಂದು ನೊರಿಯೇಗ ಶರಣಾದರು, ಮಯಾಮಿಯಲ್ಲಿ ವಿಚಾರಣೆ ನಡೆದು 40 ವರ್ಷ ಶಿಕ್ಷೆಯಾಯಿತು. ಪರದೇಶದಿಂದ ಆರೋಪಿಯನ್ನು ಹೇಗೆ ಹಿಡಿದು ತಂದರು ಎಂದು ಅಮೆರಿಕದ ಕೋರ್ಟುಗಳು ಕೇಳುವುದಿಲ್ಲ. 1886ರಲ್ಲಿ ಪೆರುವಿನಿಂದ ಎತ್ತಿ ತಂದವನ ಪ್ರಕರಣದಲ್ಲೂ, 1992ರಲ್ಲಿ ಮೆಕ್ಸಿಕೊದಿಂದ ಅಪಹರಿಸಿ ತಂದ ವೈದ್ಯನೊಬ್ಬನ ಪ್ರಕರಣದಲ್ಲೂ ಸುಪ್ರೀಂ ಕೋರ್ಟ್ ಹೇಳಿದ್ದು ಅದನ್ನೇ: ತಂದ ರೀತಿ ಯಾವುದಾದರೂ ವಿಚಾರಣೆ ನಡೆಸಬಹುದು.

2026ರ ಜನವರಿ 3ರಂದು, ನೊರಿಯೇಗ ಶರಣಾದ ದಿನಕ್ಕೆ ಸರಿಯಾಗಿ 36 ವರ್ಷಕ್ಕೆ, ಅಮೆರಿಕದ ಪಡೆಗಳು ಕರಾಕಸ್‌ನಲ್ಲಿ ದಾಳಿ ಮಾಡಿ ವೆನೆಜುವೆಲಾದ ನಿಕೊಲಸ್ ಮಡುರೊ ಮತ್ತು ಅವರ ಪತ್ನಿಯನ್ನು ಹಿಡಿದು ನ್ಯೂಯಾರ್ಕಿಗೆ ತಂದವು. ಕಾಂಗ್ರೆಸ್ಸಿಗೆ ಮೊದಲೇ ಯಾಕೆ ತಿಳಿಸಲಿಲ್ಲ ಎಂದರೆ, ಇದು ಆರೋಪಿಯ ಬಂಧನ, ಸೇನೆ ಜೊತೆಗಿತ್ತು ಅಷ್ಟೆ ಎಂಬ ಉತ್ತರ. ಮಡುರೊ ಒಳ್ಳೆಯ ಆಡಳಿತಗಾರ ಎಂದು ನಾವು ಹೇಳುತ್ತಿಲ್ಲ. ಅವರ ಆಳ್ವಿಕೆಯಲ್ಲಿ ದೇಶ ಬಿಟ್ಟು ಓಡಿದ ಲಕ್ಷಾಂತರ ಜನರೇ ಅದಕ್ಕೆ ಉತ್ತರ. ಆದರೆ ಮತ್ತೊಂದು ದೇಶದ ರಾಜಧಾನಿಯ ಮೇಲೆ ಬಾಂಬ್ ಹಾಕುವುದನ್ನು ‘ವಾರಂಟ್ ಜಾರಿ’ ಎನ್ನಬಹುದಾದರೆ, ಬೇರೆ ದೇಶದ ಮೇಲೆ ಬಲ ಬಳಸಬಾರದು ಎನ್ನುವ ವಿಶ್ವಸಂಸ್ಥೆಯ ಸನ್ನದಿನ ಎರಡನೇ ವಿಧಿಯ ನಾಲ್ಕನೇ ಕಲಮಿಗೆ ಅರ್ಥ ಉಳಿಯುವುದಿಲ್ಲ. ಬಲ ಇರುವ ಬೇರೆ ಯಾವ ದೇಶವೂ ನಾಳೆ ತನ್ನ ನೆರೆಯವನ ಮೇಲೆ ಒಂದು ಆರೋಪಪಟ್ಟಿ ಬರೆದು ಗಡಿ ದಾಟಬಹುದು.

ಹೊರಗೆ ಹೀಗಾದರೆ, ಮನೆಯೊಳಗೆ ಹೆಸರು ತಿರುವುಮುರುವು. 2025ರ ಮಾರ್ಚ್‌ನಲ್ಲಿ 1798ರ ಪರಕೀಯ ಶತ್ರು ಕಾಯ್ದೆಯನ್ನು ಹೊರತೆಗೆದರು. ಅಲ್ಲಿಯವರೆಗೆ ಅದು ಬಳಕೆಯಾದದ್ದು ಮೂರೇ ಸಲ: 1812ರ ಯುದ್ಧ, ಎರಡು ಮಹಾಯುದ್ಧಗಳು. ವೆನೆಜುವೆಲಾದ ಒಂದು ಕ್ರಿಮಿನಲ್ ಗುಂಪು ದೇಶದ ಮೇಲೆ ‘ಆಕ್ರಮಣ’ ಮಾಡಿದೆ ಎಂದು ಘೋಷಿಸಿ ಮಾರ್ಚ್ 15ರಂದು ವಿಮಾನಗಳಲ್ಲಿ ಇನ್ನೂರಕ್ಕೂ ಹೆಚ್ಚು ಜನರನ್ನು ಎಲ್ ಸಾಲ್ವಡಾರ್‌ನ ಸೆಕಾಟ್ ಜೈಲಿಗೆ ಸಾಗಿಸಿದರು. ಅವರಲ್ಲಿ ಹೆಚ್ಚಿನವರನ್ನು ಕಳಿಸಿದ್ದು ಈ ಕಾಯ್ದೆಯ ಹೆಸರಿನಲ್ಲಿ. ಇವನು ಆ ಗುಂಪಿನವನು ಹೌದೋ ಅಲ್ಲವೋ ಎಂದು ಕೇಳುವ ಜಡ್ಜ್ ಮುಂದೆ ಅವರನ್ನು ನಿಲ್ಲಿಸಲಿಲ್ಲ. ಏಪ್ರಿಲ್ 7ರಂದು ಸುಪ್ರೀಂ ಕೋರ್ಟ್, ನೋಟಿಸ್ ಕೊಟ್ಟು ಪ್ರಶ್ನಿಸಲು ಅವಕಾಶ ಕೊಡಲೇಬೇಕು ಎಂದಿತು. ಮೇ 16ರಂದು, 24 ಗಂಟೆಯ ನೋಟಿಸ್ ಸಾಲದು ಎಂದಿತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತಾಯಿತು. ಹೋದವರು ಆಗಲೇ ಹೋಗಿದ್ದರು.

ಜೂನ್‌ನಲ್ಲಿ ಲಾಸ್ ಏಂಜಲೀಸ್‌ಗೆ ಸುಮಾರು 4,000 ನ್ಯಾಷನಲ್ ಗಾರ್ಡ್ ಸೈನಿಕರನ್ನು, 700 ಮರೀನ್‌ಗಳನ್ನು ಕಳಿಸಿದರು. ರಾಜ್ಯದ ಗವರ್ನರ್ ಬೇಡವೆಂದರೂ ಕಳಿಸಿದರು. ಇದಕ್ಕಿಂತ ಅಪಾಯದ ಕಾಯ್ದೆ ಇನ್ನೂ ಕಪಾಟಿನಲ್ಲಿದೆ: 1807ರ ದಂಗೆ ಕಾಯ್ದೆ. ದಂಗೆ ಎಂದರೇನು ಎಂಬ ವ್ಯಾಖ್ಯೆ ಅದರಲ್ಲಿಲ್ಲ. ಎಷ್ಟು ದಿನ ಎಂಬ ಮಿತಿಯಿಲ್ಲ. ಕಾಂಗ್ರೆಸ್ಸಿನ ಮತ ಬೇಕಿಲ್ಲ. 1992ರಲ್ಲಿ ಅದೇ ಲಾಸ್ ಏಂಜಲೀಸ್‌ನಲ್ಲಿ ಅದನ್ನು ಬಳಸಿದಾಗ ಗವರ್ನರರೇ ಕೇಳಿಕೊಂಡಿದ್ದರು. ಆ ಕೋರಿಕೆ ಕಡ್ಡಾಯವೇನಲ್ಲ.

ಸೈನಿಕನೇ ಬರಬೇಕೆಂದಿಲ್ಲ, ಅವನ ಸರಕು ಬಂದರೂ ಆಯಿತು. 1997ನೇ ಹಣಕಾಸು ವರ್ಷದ ರಕ್ಷಣಾ ಕಾಯ್ದೆಯ 1033ನೇ ಸೆಕ್ಷನ್‌ನ ಹೆಸರಿನಿಂದಲೇ ಕರೆಯುವ ಯೋಜನೆಯೊಂದಿದೆ. ಸೇನೆಗೆ ಬೇಡವಾದದ್ದನ್ನು ಸ್ಥಳೀಯ ಪೊಲೀಸರಿಗೆ ಪುಕ್ಕಟೆ ಕೊಡುತ್ತಾರೆ. ಮೂಲ ಬೆಲೆಯಲ್ಲಿ ಲೆಕ್ಕ ಹಾಕಿದರೆ ಈವರೆಗೆ ಕೊಟ್ಟದ್ದು 700 ಕೋಟಿ ಡಾಲರ್ ಮೀರಿದೆ. ಅದರಲ್ಲಿ ಹೆಚ್ಚಿನದು ಮಂಚ, ಕಂಬಳಿ, ಜನರೇಟರ್‌ನಂಥ ಸಾಮಾನು, ಅದರ ತಕರಾರಿಲ್ಲ. ತಕರಾರು ಇರುವುದು ನೆಲಬಾಂಬ್ ತಡೆಯುವ ಎಂರಾಪ್ ವಾಹನಗಳು, ರೈಫಲ್‌ಗಳ ಬಗ್ಗೆ. ಇರಾಕಿನ ರಸ್ತೆಗೆಂದು ಮಾಡಿದ, ಹದಿನೈದು ಟನ್ ಆಸುಪಾಸಿನ ಗಾಡಿಯನ್ನು ಒಂದು ಸಣ್ಣ ಕೌಂಟಿಯ ಶೆರಿಫ್ ತರಿಸಿಕೊಂಡರೆ ಗಾಡಿ ಪುಕ್ಕಟೆ, ಆದರೆ ಸಾಗಣೆ, ಟೈರ್, ಡೀಸೆಲ್, ರಿಪೇರಿ, ಚಾಲಕನ ತರಬೇತಿ ಎಲ್ಲ ನಿಮ್ಮ ಆಸ್ತಿ ತೆರಿಗೆಯಿಂದ. ಅಂಥ ಗಾಡಿಯ ಒಡೆತನ ಕೊನೆಯವರೆಗೂ ಸೇನೆಯದೇ. ನಿಯಮದ ಪ್ರಕಾರ ಪಡೆದ ಒಂದು ವರ್ಷದೊಳಗೆ ಅದನ್ನು ಬಳಸಬೇಕು. ಬಳಸಲೇಬೇಕೆಂದರೆ ಎಲ್ಲಿ ಬಳಸುವುದು? ಒಬ್ಬ ಮಾದಕ ವಸ್ತು ಆರೋಪಿಯ ಮನೆಯ ವಾರಂಟ್‌ಗೂ ಅದೇ ಗಾಡಿ ಹೊರಡುತ್ತದೆ. ಪಡೆಯುವವರು ನಿಜವಾಗಿ ಪೊಲೀಸರೇ ಎಂದು ನೋಡುವ ಕ್ರಮವೂ ಸಡಿಲ. 2017ರಲ್ಲಿ ಸರ್ಕಾರದ್ದೇ ಲೆಕ್ಕಪರಿಶೋಧನಾ ಸಂಸ್ಥೆ ಇಲ್ಲದ ಒಂದು ಇಲಾಖೆಯ ಹೆಸರಿನಲ್ಲಿ ಅರ್ಜಿ ಹಾಕಿ, ರಾತ್ರಿ ಕಾಣುವ ಕನ್ನಡಕ, ಅಣಕು ರೈಫಲ್ ಸೇರಿ ನೂರಕ್ಕೂ ಹೆಚ್ಚು ಸಾಮಾನುಗಳನ್ನು, ಒಟ್ಟು 12 ಲಕ್ಷ ಡಾಲರ್ ಬೆಲೆಯವನ್ನು, ತರಿಸಿಕೊಂಡು ತೋರಿಸಿತು.

ನಮ್ಮನ್ನು ತುಂಬ ಕಾಡುವ ಸಂಗತಿ ಬೇರೆ. ಅಮೆರಿಕ ಬೇರೆ ದೇಶದ ಪೊಲೀಸ್ ಅಥವಾ ಸೇನಾ ತುಕಡಿಗೆ ನೆರವು ಕೊಡುವ ಮೊದಲು ಲೇಹಿ ಕಾನೂನಿನ ಪ್ರಕಾರ ಆ ತುಕಡಿಯ ಚರಿತ್ರೆ ನೋಡಬೇಕು. ಚಿತ್ರಹಿಂಸೆ, ವಿಚಾರಣೆಯಿಲ್ಲದ ಕೊಲೆಯ ಬಗ್ಗೆ ನಂಬಲರ್ಹ ಮಾಹಿತಿ ಇದ್ದರೆ ನೆರವು ಕೊಡುವಂತಿಲ್ಲ. ಅದೇ ಅಮೆರಿಕದ ಒಂದು ಊರಿನ ಪೊಲೀಸರಿಗೆ ಯುದ್ಧದ ಗಾಡಿ ಕೊಡುವಾಗ 1033ರ ಕಾನೂನಿನಲ್ಲಿ ಅಂಥ ಷರತ್ತಿಲ್ಲ. ಫರ್ಗುಸನ್ ಊರಿನಲ್ಲಿ ಪೊಲೀಸರ ಗುಂಡಿಗೆ ಕಪ್ಪು ಯುವಕನೊಬ್ಬ ಸತ್ತ ಘಟನೆಯ ಮರುವರ್ಷ, 2015ರಲ್ಲಿ, ಒಬಾಮ ಆದೇಶದ ಮೂಲಕ ಕೆಲವನ್ನು ನಿಷೇಧಿಸಿದರು. 2017ರಲ್ಲಿ ಟ್ರಂಪ್ ತೆಗೆದುಹಾಕಿದರು. 2022ರಲ್ಲಿ ಬೈಡನ್ ಮತ್ತೆ ತಂದರು, 2025ರಲ್ಲಿ ಟ್ರಂಪ್ ಮತ್ತೆ ತೆಗೆದುಹಾಕಿದರು. ಅಧ್ಯಕ್ಷರ ಆದೇಶಗಳ ಆಯಸ್ಸು ಅಷ್ಟೇ. ಕೇಳುವುದಾದರೆ ಕಾಯ್ದೆಯನ್ನೇ ಕೇಳಬೇಕು.

ಇನ್ನು ನಿಮ್ಮ ಬಾಗಿಲಿಗೇ ಬರುವ ವಿಷಯ. ಐಸ್ ಎಂದು ಎಲ್ಲರೂ ಕರೆಯುವ ವಲಸೆ ಜಾರಿ ಸಂಸ್ಥೆಯ ಅಧಿಕಾರಿ ಒಂದು ಕಾಗದ ತೋರಿಸಿ ‘ವಾರಂಟ್ ಇದೆ’ ಎಂದಾಗ ಅದು ಯಾವ ವಾರಂಟ್ ಎಂದು ಓದುವುದನ್ನು ಮನೆಯಲ್ಲಿ ಎಲ್ಲರಿಗೂ ಕಲಿಸಿಡಿ. ಪೌರರಾದ ನಿಮಗೆ ಇದು ಬೇಡವಾಗಿರಬಹುದು, ಎಚ್-1ಬಿ ಮೇಲಿರುವ ತಮ್ಮನಿಗೋ ಓದಲು ಬಂದ ಅಕ್ಕನ ಮಗಳಿಗೋ ಬೇಕಾಗುತ್ತದೆ. ಕಾಗದದ ತಲೆಯಲ್ಲಿ ಹೋಂಲ್ಯಾಂಡ್ ಸೆಕ್ಯುರಿಟಿ ಇಲಾಖೆಯ ಹೆಸರು, ಮೂಲೆಯಲ್ಲಿ ಫಾರ್ಮ್ ಐ-200 ಅಥವಾ ಐ-205 ಎಂದು ಇದ್ದರೆ, ಅದಕ್ಕೆ ಸಹಿ ಹಾಕಿದವರು ಅದೇ ಇಲಾಖೆಯ ಅಧಿಕಾರಿ, ಜಡ್ಜ್ ಅಲ್ಲ. ಐ-200 ಬಂಧನಕ್ಕೆ, ಐ-205 ಗಡೀಪಾರಿಗೆ. ನ್ಯಾಯಾಲಯದ ವಾರಂಟ್ ಆದರೆ ತಲೆಯಲ್ಲಿ ಯುನೈಟೆಡ್ ಸ್ಟೇಟ್ಸ್ ಡಿಸ್ಟ್ರಿಕ್ಟ್ ಕೋರ್ಟ್ ಎಂದೋ ರಾಜ್ಯದ ಕೋರ್ಟಿನ ಹೆಸರೋ ಇರುತ್ತದೆ, ಕೆಳಗೆ ಜಡ್ಜ್ ಅಥವಾ ಮ್ಯಾಜಿಸ್ಟ್ರೇಟ್ ಸಹಿ ಇರುತ್ತದೆ. ಶೋಧದ ವಾರಂಟ್ ಆದರೆ ನಿಮ್ಮ ಮನೆಯ ವಿಳಾಸ ಸರಿಯಾಗಿ ಬರೆದಿರಬೇಕು. ಫೆಡರಲ್ ವಾರಂಟ್ ಆದರೆ ಜಾರಿಗೆ 14 ದಿನ ಮೀರದ ಕೊನೆಯ ದಿನಾಂಕ ಇರಬೇಕು, ಬೇರೆ ರೀತಿ ಬರೆದಿಲ್ಲದಿದ್ದರೆ ಬೆಳಗ್ಗೆ 6ರಿಂದ ರಾತ್ರಿ 10ರ ಒಳಗೆ ಬರಬೇಕು. ಮನೆಯೊಳಗೆ ಬಂದು ಬಂಧಿಸಲು ಜಡ್ಜ್ ಸಹಿಯ ವಾರಂಟ್ ಬೇಕು ಎಂದು 1980ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ.

ಸಾಮಾನ್ಯವಾಗಿ ಆಗುವ ತಪ್ಪು ಒಂದೇ: ಬಾಗಿಲು ತೆಗೆದು, ಪಕ್ಕಕ್ಕೆ ಸರಿದು, ‘ಬನ್ನಿ’ ಎನ್ನುವುದು. ಮನೆಗೆ ಬಂದವರನ್ನು ಹೊರಗೆ ನಿಲ್ಲಿಸಿ ಮಾತಾಡಿ ನಮಗೆ ಅಭ್ಯಾಸವಿಲ್ಲ. ಆದರೆ ಆ ಒಂದು ಮಾತು, ಕೆಲವೊಮ್ಮೆ ಆ ಸರಿದು ನಿಲ್ಲುವ ರೀತಿಯೇ, ಒಪ್ಪಿಗೆ ಎಂದು ದಾಖಲಾಗುತ್ತದೆ. ಕಾಗದವನ್ನು ಬಾಗಿಲ ಕೆಳಗಿಂದ ಹಾಕಿ ಅಥವಾ ಕಿಟಕಿಗೆ ಹಿಡಿಯಿರಿ ಎಂದು ಕೇಳಿ. ಸುಳ್ಳು ಹೇಳಬೇಡಿ, ಸುಳ್ಳು ದಾಖಲೆ ತೋರಿಸಬೇಡಿ, ಒಳಗೆ ನುಗ್ಗಿದರೆ ಕೈ ಅಡ್ಡ ಇಡಬೇಡಿ. ‘ನನ್ನ ಒಪ್ಪಿಗೆಯಿಲ್ಲ’ ಎಂದು ಬಾಯಲ್ಲಿ ಹೇಳಿ, ಸಮಯ ಬರೆದಿಟ್ಟುಕೊಳ್ಳಿ. ಹದಿನೆಂಟು ದಾಟಿದ ಪೌರರಲ್ಲದವರು ತಮ್ಮ ನೋಂದಣಿ ದಾಖಲೆಯನ್ನು, ಅಂದರೆ ಗ್ರೀನ್ ಕಾರ್ಡನ್ನೋ ಐ-94ರ ಪ್ರತಿಯನ್ನೋ, ಜೊತೆಗೆ ಇಟ್ಟುಕೊಳ್ಳಬೇಕು ಎಂಬ ಕಾನೂನು ಇದೆ. ಹಳೆಯದು, ಜಾರಿಯಲ್ಲಿರಲಿಲ್ಲ, ಈಗ ಇದೆ.

ಸ್ಥಳೀಯ ಪೊಲೀಸರೇ ವಲಸೆ ಪೊಲೀಸರಾಗುವುದು 1996ರ ಕಾಯ್ದೆಯ 287(ಜಿ) ಒಪ್ಪಂದದಿಂದ. ಜೈಲಿನೊಳಗಿನವರನ್ನು ಮಾತ್ರ ವಿಚಾರಿಸುವ ಮಾದರಿ ಒಂದು, ಬೀದಿಯಲ್ಲೇ ಕೇಳಬಹುದಾದ ಟಾಸ್ಕ್ ಫೋರ್ಸ್ ಮಾದರಿ ಇನ್ನೊಂದು. ಜನಾಂಗ ನೋಡಿ ಹಿಡಿಯುತ್ತಾರೆ ಎಂಬ ದೂರುಗಳ ನಡುವೆ 2012ರಲ್ಲಿ ಕೈಬಿಟ್ಟಿದ್ದ ಈ ಎರಡನೆಯದನ್ನು 2025ರಲ್ಲಿ ಮತ್ತೆ ತಂದರು. ಆ ವರ್ಷದ ಆರಂಭದಲ್ಲಿ ಸುಮಾರು 135 ಇದ್ದ ಒಪ್ಪಂದಗಳು ವರ್ಷ ಮುಗಿಯುವ ಮೊದಲೇ ಸಾವಿರ ದಾಟಿದವು. ವಾಷಿಂಗ್ಟನ್‌ಗೆ ಹೋಗದೆ ನೀವು ತಡೆಯಬಹುದಾದದ್ದು ಇದೊಂದೇ. ಒಪ್ಪಂದಕ್ಕೆ ಸಹಿ ಹಾಕುವವರು ಹೆಚ್ಚಾಗಿ ನಿಮ್ಮ ಕೌಂಟಿ ಶೆರಿಫ್, ಅವರು ಚುನಾಯಿತರು. ಒಪ್ಪಂದವನ್ನು ಲಿಖಿತವಾಗಿ ತಿಳಿಸಿ ಯಾವಾಗ ಬೇಕಾದರೂ ಮುಗಿಸಬಹುದು. ಕೌಂಟಿಯ ಬಜೆಟ್ ಸಭೆಯಲ್ಲಿ ಸಾರ್ವಜನಿಕರಿಗೆ ಮಾತಾಡಲು ಸಮಯ ಇಡುತ್ತಾರೆ. ಎದ್ದು ನಿಂತು ಎರಡೇ ಪ್ರಶ್ನೆ ಕೇಳಿ: ಯಾವ ಮಾದರಿ? ತಪ್ಪು ವ್ಯಕ್ತಿಯನ್ನು ಹಿಡಿದರೆ ಪರಿಹಾರ ಯಾರ ಬಜೆಟ್‌ನಿಂದ? ಕೆಲವು ರಾಜ್ಯಗಳಲ್ಲಿ ಈಗ ಇಂಥ ಒಪ್ಪಂದವನ್ನು ರಾಜ್ಯದ ಕಾನೂನೇ ಕಡ್ಡಾಯ ಮಾಡಿದೆ, ಕೆಲವು ಕಡೆ ನಿಷೇಧಿಸಿದೆ. ಮೊದಲು ಅದನ್ನು ನೋಡಿಕೊಳ್ಳಿ.

ತಪ್ಪಾದರೆ ಪರಿಹಾರ ಎಂಬ ಮಾತು ಬಂತು. ಬಹಳ ಜನ ನಂಬಿರುವುದೇನೆಂದರೆ, ಅಧಿಕಾರಿ ಹಕ್ಕು ಉಲ್ಲಂಘಿಸಿದರೆ ಅವರ ಮೇಲೆ ದಾವೆ ಹೂಡಬಹುದು ಎಂದು. ಊರಿನ ಪೊಲೀಸ್ ಆದರೆ ಹೂಡಬಹುದು. 1871ರ ಕಾಯ್ದೆಯಿಂದ ಬಂದ 1983ನೇ ಸೆಕ್ಷನ್ ಇದೆ, ಎಷ್ಟೇ ಅಡೆತಡೆಯಿದ್ದರೂ ದಾರಿ ಇದೆ. ಆದರೆ ಆ ಸೆಕ್ಷನ್ ‘ರಾಜ್ಯದ’ ಅಧಿಕಾರ ಬಳಸಿದವರಿಗೆ ಮಾತ್ರ. ಫೆಡರಲ್ ಅಧಿಕಾರಿಗೆ ಅದು ಅನ್ವಯಿಸುವುದಿಲ್ಲ. 1971ರಲ್ಲಿ ಸುಪ್ರೀಂ ಕೋರ್ಟ್ ಬಿವೆನ್ಸ್ ಪ್ರಕರಣದಲ್ಲಿ ತಾನೇ ಒಂದು ದಾರಿ ತೆರೆದಿತ್ತು. 1980ರ ನಂತರ ಒಮ್ಮೆಯೂ ಅದನ್ನು ಅಗಲ ಮಾಡಲಿಲ್ಲ. 2022ರಲ್ಲಿ ಗಡಿ ಪಹರೆಯ ಅಧಿಕಾರಿಯೊಬ್ಬರ ಪ್ರಕರಣದಲ್ಲಿ ಬಹುತೇಕ ಮುಚ್ಚಿತು.

ಉಳಿದಿರುವುದು ಸರ್ಕಾರದ ಮೇಲೆ ಪರಿಹಾರದ ಅರ್ಜಿ. ಎಸ್‌ಎಫ್-95 ಎಂಬ ಫಾರ್ಮ್. ಘಟನೆ ನಡೆದ ಎರಡು ವರ್ಷದೊಳಗೆ ಆ ಸಂಸ್ಥೆಗೆ ಲಿಖಿತವಾಗಿ ತಲುಪಬೇಕು. ಪರಿಹಾರದ ಮೊತ್ತದ ಜಾಗದಲ್ಲಿ ಖಚಿತವಾದ ಒಂದು ಅಂಕಿ ಬರೆಯಬೇಕು. ‘ಕೋರ್ಟ್ ಯೋಗ್ಯವೆಂದು ಕಂಡಷ್ಟು’ ಎಂದು ಬರೆದು ಅಥವಾ ಖಾಲಿ ಬಿಟ್ಟು ಕಳೆದುಕೊಂಡ ಕೇಸುಗಳು ಬೇಕಾದಷ್ಟಿವೆ. ಮುಂದೆ ಕೋರ್ಟಿಗೆ ಹೋದಾಗ ಹೆಚ್ಚುಕಡಿಮೆ ಆ ಅಂಕಿಯೇ ಗರಿಷ್ಠ ಮಿತಿ, ಆದ್ದರಿಂದ ಆಸ್ಪತ್ರೆ ಬಿಲ್, ಕಳೆದ ಸಂಬಳ, ಮುರಿದ ಬಾಗಿಲು ಎಲ್ಲ ಸೇರಿಸಿ ಬರೆಯಿರಿ. ಆರು ತಿಂಗಳು ಸಂಸ್ಥೆಗೆ ಸಮಯ. ನಿರಾಕರಿಸಿದ ಪತ್ರ ಕಳಿಸಿದ ದಿನದಿಂದ ಆರು ತಿಂಗಳೊಳಗೆ ಕೋರ್ಟಿಗೆ ಹೋಗಬೇಕು. ಜ್ಯೂರಿ ಇರುವುದಿಲ್ಲ, ದಂಡರೂಪದ ಪರಿಹಾರ ಸಿಗುವುದಿಲ್ಲ, ಅಧಿಕಾರಿ ತನ್ನ ಜೇಬಿನಿಂದ ಒಂದು ಡಾಲರ್ ಕೊಡುವುದಿಲ್ಲ. 2017ರಲ್ಲಿ ಅಟ್ಲಾಂಟಾದಲ್ಲಿ ಎಫ್‌ಬಿಐ ತಂಡ ತಪ್ಪು ಮನೆಗೆ ನುಗ್ಗಿತು. ಆ ಕುಟುಂಬದ ಕೇಸು ಸುಪ್ರೀಂ ಕೋರ್ಟ್ ತನಕ ಹೋಗಿ, 2025ರ ಜೂನ್‌ನಲ್ಲಿ ಮತ್ತೆ ಕೆಳಗಿನ ಕೋರ್ಟಿಗೇ ವಾಪಸಾಯಿತು. ಬಾಗಿಲು ಮುರಿದದ್ದು ತಪ್ಪು ಮನೆ ಎಂಬುದನ್ನು ಯಾರೂ ಅಲ್ಲಗಳೆಯದ ಕೇಸು ಇದು.

ಈಗ ಹಣ. 2025ರ ಜುಲೈ 4ರಂದು ಸಹಿಯಾದ ದೊಡ್ಡ ಮಸೂದೆ ಐಸ್‌ಗೆ ಸುಮಾರು 7,500 ಕೋಟಿ ಡಾಲರ್ ಕೊಟ್ಟಿತು. ಅದರಲ್ಲಿ 4,500 ಕೋಟಿ ಬಂಧನ ಕೇಂದ್ರಗಳಿಗೆ. ಮೊದಲು ಈ ಸಂಸ್ಥೆಯ ಇಡೀ ವರ್ಷದ ಬಜೆಟ್ ಸಾವಿರ ಕೋಟಿ ಡಾಲರ್ ಆಸುಪಾಸಿನಲ್ಲಿತ್ತು. ಮೊತ್ತಕ್ಕಿಂತ ಮುಖ್ಯವಾದದ್ದು ಕೊಟ್ಟ ರೀತಿ. ಇದು ಪ್ರತಿ ವರ್ಷ ಬಂದು ಕೇಳಬೇಕಾದ ಹಣವಲ್ಲ, ಹಲವು ವರ್ಷಕ್ಕೆ ಒಮ್ಮೆಗೇ ಕೈಗಿಟ್ಟ ಹಣ. ‘ಮುಖವಾಡ ತೆಗೆಯಿರಿ, ಹೆಸರಿನ ಪಟ್ಟಿ ಹಾಕಿ, ಇಲ್ಲದಿದ್ದರೆ ಮುಂದಿನ ವರ್ಷ ಹಣವಿಲ್ಲ’ ಎನ್ನುವ ಹಿಡಿತವನ್ನು ಕಾಂಗ್ರೆಸ್ ತಾನಾಗಿಯೇ ಬಿಟ್ಟುಕೊಟ್ಟಿತು. ಈಗ ವಾರ್ಷಿಕ ಬಜೆಟ್ಟಿನಲ್ಲಿ ಷರತ್ತು ಹಾಕುತ್ತೇವೆ ಎನ್ನುವ ಪ್ರತಿನಿಧಿ ಈ ಇಡುಗಂಟಿನ ಬಗ್ಗೆ ಮಾತಾಡದಿದ್ದರೆ ನಿಮ್ಮ ಮೂಗಿಗೆ ತುಪ್ಪ ಸವರುತ್ತಿದ್ದಾರೆ ಎಂದು ತಿಳಿಯಿರಿ.

ಹಣ ನಿಲ್ಲಿಸಿದಾಗ ಯುದ್ಧ ನಿಂತ ಉದಾಹರಣೆ ಇದೆ. 1973ರ ಆಗಸ್ಟ್ 15ರ ನಂತರ ಇಂಡೋಚೀನಾದಲ್ಲಿ ಯುದ್ಧಕ್ಕೆ ಹಣವಿಲ್ಲ ಎಂದು ಕಾಂಗ್ರೆಸ್ ಬರೆಯಿತು, ಕಾಂಬೋಡಿಯದ ಮೇಲಿನ ಬಾಂಬ್ ದಾಳಿ ಅಂದೇ ನಿಂತಿತು. ಸೊಮಾಲಿಯಕ್ಕೆ 1994ರ ಮಾರ್ಚ್ 31 ಎಂಬ ಗಡುವು ಹಾಕಿದ್ದೂ ಹೀಗೇ. ಅಧ್ಯಕ್ಷರು ಸಹಿ ಹಾಕಲೇಬೇಕಾದ ಮಸೂದೆಗೆ ಸೇರಿಸಿದ ಒಂದು ಸಾಲು ಅದು. ಪ್ರತಿ ವರ್ಷದ ರಕ್ಷಣಾ ಅಧಿಕೃತ ಕಾಯ್ದೆ, ಎನ್‌ಡಿಎಎ, ಅಂಥ ಮಸೂದೆ. ಇರಾಕ್ ಯುದ್ಧದ 1991 ಮತ್ತು 2002ರ ಅನುಮತಿಗಳು ಕೊನೆಗೂ ರದ್ದಾದದ್ದು 2025ರ ಡಿಸೆಂಬರ್‌ನ ಎನ್‌ಡಿಎಎಯಲ್ಲಿ. ಸೆಪ್ಟೆಂಬರ್ 11ರ ದಾಳಿಯ ನಂತರ ಸೆನೆಟ್ಟಿನಲ್ಲಿ 98–0, ಹೌಸ್‌ನಲ್ಲಿ 420–1 ಮತಗಳಿಂದ ಬಂದ 2001ರ ಯುದ್ಧದ ಅನುಮತಿ ಇನ್ನೂ ಜೀವಂತ ಇದೆ. ಆ ಒಂದು ವಿರೋಧದ ಮತ ಕ್ಯಾಲಿಫೋರ್ನಿಯದ ಬಾರ್ಬರಾ ಲೀ ಅವರದು. ಇದು ಕೊನೆಯಿಲ್ಲದ ಯುದ್ಧಕ್ಕೆ ಖಾಲಿ ಚೆಕ್ ಆಗುತ್ತದೆ ಎಂದು ಅಂದೇ ಹೇಳಿದ್ದರು.

ಆದ್ದರಿಂದ ಪತ್ರ ಬರೆಯುವಾಗ ‘ಶಾಂತಿ ಬೇಕು, ನ್ಯಾಯ ಬೇಕು’ ಎಂದು ಬರೆಯಬೇಡಿ. ಅಂಥ ಪತ್ರಕ್ಕೆ ಅಚ್ಚುಹಾಕಿದ ಉತ್ತರ ಬರುತ್ತದೆ. ಹೌದು ಅಥವಾ ಇಲ್ಲ ಎನ್ನಲೇಬೇಕಾದ್ದನ್ನು ಕೇಳಿ. 1973ರ ನಿರ್ಣಯದಲ್ಲಿ ‘ಕಾಳಗ’ಕ್ಕೆ ವ್ಯಾಖ್ಯೆ ಬರೆದು, ದೂರದಿಂದ ಹಾರಿಸುವ ಕ್ಷಿಪಣಿಯನ್ನೂ ಡ್ರೋನನ್ನೂ ಅದರಲ್ಲಿ ಸೇರಿಸುವ ತಿದ್ದುಪಡಿಗೆ ಮತ ಹಾಕುತ್ತೀರಾ? 60 ದಿನವಾದ ಮೇಲೆ ಹಣ ತಾನಾಗಿ ನಿಲ್ಲುವ ಸಾಲನ್ನು ಎನ್‌ಡಿಎಎಗೆ ಸೇರಿಸುತ್ತೀರಾ? 1983ನೇ ಸೆಕ್ಷನ್‌ನಲ್ಲಿ ‘ರಾಜ್ಯದ’ ಎಂಬುದರ ಪಕ್ಕ ‘ಯುನೈಟೆಡ್ ಸ್ಟೇಟ್ಸ್‌ನ ಅಥವಾ’ ಎಂದು ಸೇರಿಸುತ್ತೀರಾ? ದಂಗೆ ಕಾಯ್ದೆಗೆ ದಿನದ ಮಿತಿ ಹಾಕುತ್ತೀರಾ? ಎಲ್ಲವನ್ನೂ ಒಂದೇ ಪತ್ರದಲ್ಲಿ ತುಂಬಬೇಡಿ, ಒಂದು ಸಲಕ್ಕೆ ಒಂದು. ವಾಷಿಂಗ್ಟನ್ ಕಚೇರಿಗಿಂತ ನಿಮ್ಮ ಜಿಲ್ಲೆಯ ಕಚೇರಿಗೆ ಫೋನ್ ಮಾಡಿ. ಮೊದಲು ಜಿಪ್ ಕೋಡ್ ಹೇಳಿ, ಅವರು ಎಣಿಸುವುದು ಅದನ್ನು. ವಿದೇಶಾಂಗ ಅಥವಾ ನ್ಯಾಯಾಂಗದ ವಿಷಯ ನೋಡಿಕೊಳ್ಳುವ ಸಿಬ್ಬಂದಿಯ ಹೆಸರು ಕೇಳಿ ಬರೆದುಕೊಳ್ಳಿ. ಎರಡು ವಾರ ಬಿಟ್ಟು ಅದೇ ಹೆಸರಿಗೆ ಮತ್ತೆ ಫೋನ್ ಮಾಡಿ. ಕ್ಯಾಪಿಟಲ್‌ನ ಸ್ವಿಚ್‌ಬೋರ್ಡ್ 202-224-3121, ಯಾವ ಸದಸ್ಯರ ಕಚೇರಿಗಾದರೂ ಜೋಡಿಸಿಕೊಡುತ್ತಾರೆ.

ಗ್ರೀನ್ ಕಾರ್ಡ್ ಇರುವವರೂ ವೀಸಾದಲ್ಲಿರುವವರೂ ಪತ್ರ ಬರೆಯಬಹುದು, ಫೋನ್ ಮಾಡಬಹುದು. ಫೆಡರಲ್ ಚುನಾವಣೆಗೆ ದೇಣಿಗೆ ಗ್ರೀನ್ ಕಾರ್ಡ್ ಇರುವವರು ಕೊಡಬಹುದು, ಎಚ್-1ಬಿ ಅಥವಾ ಎಫ್-1ರಲ್ಲಿರುವವರು ಕೊಡುವಂತಿಲ್ಲ. ಡ್ರೈವಿಂಗ್ ಲೈಸೆನ್ಸ್ ಕಚೇರಿಯಲ್ಲಿ ಮತದಾರರ ನೋಂದಣಿಯ ಚೌಕಕ್ಕೆ ಅರಿಯದೆಯೂ ಟಿಕ್ ಹಾಕಬೇಡಿ. ಪೌರನೆಂದು ಸುಳ್ಳು ಹೇಳಿದ್ದಕ್ಕೆ ಗಡೀಪಾರು ಇದೆ, ಕ್ಷಮೆಗೆ ದಾರಿ ಬಹುತೇಕ ಇಲ್ಲ.

ಹೌಸ್‌ನ ಸಶಸ್ತ್ರ ಪಡೆಗಳ ಸಮಿತಿ ಎನ್‌ಡಿಎಎ ಕರಡನ್ನು ಸಾಮಾನ್ಯವಾಗಿ ಬೇಸಿಗೆಯ ಹೊತ್ತಿಗೆ ಕೈಗೆತ್ತಿಕೊಳ್ಳುತ್ತದೆ. ಸಮಿತಿ ಮುಗಿದ ಮೇಲೆ ತಿದ್ದುಪಡಿಗಳು ರೂಲ್ಸ್ ಕಮಿಟಿಗೆ ಹೋಗುತ್ತವೆ, ಅಲ್ಲಿ ಹೆಚ್ಚಿನವು ಮತಕ್ಕೆ ಬಾರದೆ ಬೀಳುತ್ತವೆ. ಹಾಗಾಗಿ ಫೋನ್ ಹೋಗಬೇಕಾದ್ದು ಕರಡು ಸಮಿತಿಯಲ್ಲಿರುವಾಗ. ನಿಮ್ಮ ಪ್ರತಿನಿಧಿ ಆ ಸಮಿತಿಯಲ್ಲಿ ಇದ್ದಾರೆಯೇ ಎಂದು ಇವತ್ತೇ ನೋಡಿ.

ಇಂತಿ,
ಅಮೆರಿಕದ ಯುದ್ಧಾಧಿಕಾರ ಮತ್ತು ವಲಸೆ ಕಾನೂನನ್ನು ಓದಿಕೊಂಡಿರುವ ಕೆಲವು ಕನ್ನಡಿಗರು